ರೂಟರ್ ಹೊಸದು, ವಿಳಾಸ ಹಳೆಯದು

ಕೆಂಕೆರೆಯ ತೆಂಗಿನ ತೋಟದ ಯಾವ ಮನೆಯಲ್ಲಾದರೂ ನಡೆಯಬಹುದಾದ ಪ್ರಸಂಗವಿದು. ಮುಂಗಾರಿನ ಮೊದಲ ಸಿಡಿಲಿಗೆ ಇಂಟರ್‌ನೆಟ್ಟಿನ ರೂಟರ್ ಸುಟ್ಟುಹೋಯಿತು. ಎರಡು ದಿನಗಳಲ್ಲಿ ಹೊಸದು ಬಂದಿತು. ಮನೆಯ ಮೊಬೈಲುಗಳೆಲ್ಲ ಕೂಡಲೆ ಚೇತರಿಸಿಕೊಂಡವು. ತಾತ ಕೊಬ್ಬರಿಯ ಲೆಕ್ಕ ಬರೆದಿಡುವ ಲಿನಕ್ಸ್ ಕಂಪ್ಯೂಟರು ಮಾತ್ರ ಮೌನ ತಾಳಿತು. ನೋಡಲು ಬಂದವರೊಬ್ಬರು, “ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಬೇಕು” ಎಂದುಬಿಟ್ಟರು. ಹತ್ತು ವರುಷಗಳ ಲೆಕ್ಕಕ್ಕೆ ಬೇರೊಂದು ಪ್ರತಿಯಿರಲಿಲ್ಲ. ತಾತ ಗಾಬರಿಯಿಂದ ಬೆಂಗಳೂರಿನ ಮೊಮ್ಮಗಳಿಗೆ ಫೋನ್ ಮಾಡಿದರು.

“ಏನನ್ನೂ ಅಳಿಸಬೇಡಿ ತಾತ. ಮೊದಲು ಲೆಕ್ಕವನ್ನೆಲ್ಲ ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಿ. ಯಂತ್ರ ಕೆಟ್ಟಂತಿಲ್ಲ, ಅದರ ವಿಳಾಸ ತಪ್ಪಿರಬೇಕು” ಎಂದಳು ಅವಳು.

“ಮೊಬೈಲಿಗೆ ತಪ್ಪದ ವಿಳಾಸ ಇದಕ್ಕೇಕೆ ತಪ್ಪಿತಮ್ಮ?”

ಪ್ರಶ್ನೆ ಯೋಗ್ಯವಾದುದೇ. ಮೊಬೈಲು ತನ್ನ ವಿಳಾಸವನ್ನು ರೂಟರನ್ನೇ ಕೇಳಿ ಪಡೆಯುತ್ತದೆ. ರೂಟರ್ ಬದಲಾದರೆ ಹೊಸ ವಿಳಾಸ ತಾನಾಗಿ ದೊರೆಯುತ್ತದೆ. 1993ರಲ್ಲಿ ರೂಪುಗೊಂಡ ಡಿಎಚ್‌ಸಿಪಿ ಎಂಬ ಕ್ರಮದ ಅನುಕೂಲವಿದು. ತಾತನ ಕಂಪ್ಯೂಟರಿಗಾದರೋ, ಮನೆಯ ಇತರ ಯಂತ್ರಗಳು ಅದನ್ನು ಸದಾ ಒಂದೇ ಎಡೆಯಲ್ಲಿ ಕಾಣಲೆಂದು, ಸ್ಥಿರ ವಿಳಾಸವನ್ನು ಕೈಯಾರೆ ಬರೆದಿಡಲಾಗಿತ್ತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್ ಆಗಲಿ, ಅದರ ಮಾದರಿಯಲ್ಲಿ 1991ರಲ್ಲಿ ಮೊದಲುಗೊಂಡ ಲಿನಕ್ಸ್ ಆಗಲಿ, ಹೀಗೆ ಬರೆದಿಟ್ಟುದನ್ನು ಚಾಚೂ ತಪ್ಪದೆ ಪಾಲಿಸುತ್ತವೆ.

ಇಂತಹ ಬರಹದಲ್ಲಿ ನಾಲ್ಕು ಅಂಶಗಳುಂಟು. ಅಂಚೆಯ ವ್ಯವಸ್ಥೆಯನ್ನು ನೆನೆದರೆ ಅವು ಸುಲಭವಾಗಿ ತಿಳಿಯುತ್ತವೆ. ಯಂತ್ರದ ಐಪಿ ಸಂಖ್ಯೆ ಮನೆಯ ವಿಳಾಸ. ಮಾಸ್ಕ್ ಊರಿನ ಎಲ್ಲೆ. ಗೇಟ್‌ವೇ ಪರಊರಿನ ಕಾಗದಗಳನ್ನು ಸಾಗಿಸುವ ಅಂಚೆಕಚೇರಿ. ಡಿಎನ್‌ಎಸ್ ಹೆಸರು ಹೇಳಿದರೆ ವಿಳಾಸ ತಿಳಿಸುವ ಪಟ್ಟಿ. ನಾಲ್ಕರಲ್ಲಿ ಒಂದು ತಪ್ಪಿದರೂ ವ್ಯವಹಾರ ನಿಲ್ಲುತ್ತದೆ.

ನಕಲು ಮುಗಿದ ಮೇಲೆ ಮೊಮ್ಮಗಳು ಕೇಬಲ್ಲಿನ ಬಳಿಯ ದೀಪ ಉರಿಯುತ್ತಿದೆಯೇ ಎಂದು ಕೇಳಿದಳು. ಉರಿಯುತ್ತಿತ್ತು. ಆಕೆ ಹೇಳಿದಂತೆ ‘ಐಪಿ ಅಡ್ರೆಸ್’ ಎಂಬ ಆಜ್ಞೆಯನ್ನು ಕೊಟ್ಟಾಗ ತೆರೆಯ ಮೇಲೆ 192.168.0.20 ಎಂಬ ಸಂಖ್ಯೆ ಮೂಡಿತು. ಮಾಸ್ಕ್ 255.255.255.0, ಎಂದರೆ ಮೊದಲ ಮೂರು ಭಾಗಗಳು ಊರನ್ನು, ಕೊನೆಯದು ಮನೆಯನ್ನು ಸೂಚಿಸುತ್ತವೆ. ಮೊಬೈಲಿನಲ್ಲಿ ನೋಡಿದರೆ 192.168.1.7! ಹಳೆಯ ರೂಟರಿನ ಊರು ಸೊನ್ನೆ, ಹೊಸದರ ಊರು ಒಂದು. ಇಲ್ಲದ ಊರಿನ ಅಂಚೆಕಚೇರಿಯ ಬಾಗಿಲನ್ನು ಕಂಪ್ಯೂಟರು ತಟ್ಟುತ್ತಲೇ ಇತ್ತು.

“ಹಳೆಯ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಒಂದೊಂದನ್ನೇ ಬದಲಿಸಿ ತಾತ.”

ಹೊಸ ವಿಳಾಸ 192.168.1.200 ಆಯಿತು. ರೂಟರ್ ತಾನಾಗಿ ಹಂಚುವ ಸಂಖ್ಯೆಗಳ ಸಾಲಿನಲ್ಲಿ ಅದು ಇಲ್ಲವೆಂಬುದನ್ನು ಮೊದಲೇ ನೋಡಲಾಗಿತ್ತು. ಒಂದೇ ವಿಳಾಸ ಇಬ್ಬರಿಗಾದರೆ ಮತ್ತೊಂದು ತೊಡಕು. ಗೇಟ್‌ವೇ 192.168.1.1 ಆಯಿತು. ‘ಪಿಂಗ್’ ಎಂಬ ಆಜ್ಞೆಯಿಂದ ರೂಟರನ್ನು ಕೂಗಿದರೆ ಓಗೊಟ್ಟಿತು. ಹೊರಲೋಕದ 8.8.8.8 ಎಂಬ ಸಂಖ್ಯೆಯನ್ನು ಕೂಗಿದರೆ ಅದೂ ಓಗೊಟ್ಟಿತು. ಆದರೆ ಹೆಸರು ಹಿಡಿದು ಕೂಗಿದರೆ ಮಾತ್ರ ಉತ್ತರವಿಲ್ಲ.

“ಇನ್ನೇನು ತಪ್ಪಮ್ಮ?”

“ಸಂಖ್ಯೆಗೆ ಉತ್ತರ ಬಂದಿದೆಯೆಂದರೆ ದಾರಿ ಸರಿಯಾಗಿದೆ ತಾತ. ಡಿಎನ್‌ಎಸ್ ಎದುರಿಗೆ ಹಳೆಯ ರೂಟರಿನ ವಿಳಾಸವೇ ಉಳಿದಿರಬೇಕು, ನೋಡಿ.”

ಹಾಗೆಯೇ ಇತ್ತು. ಅದನ್ನು ತಿದ್ದಿದೊಡನೆ ಎಲ್ಲವೂ ಸರಿಹೋಯಿತು. ಕೊನೆಗೊಮ್ಮೆ ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಹೊರಡಿಸಿದರು. ಕೇವಲ ಆಜ್ಞೆಯಿಂದ ಮಾಡಿದ ಬದಲಾವಣೆ ವಿದ್ಯುತ್ತು ಹೋದೊಡನೆ ಅಳಿಯುತ್ತದೆ. ಸೆಟ್ಟಿಂಗ್ಸಿನಲ್ಲಿ ಬರೆದುದು ಮಾತ್ರ ಉಳಿಯುತ್ತದೆ. ಬರೆದುದು ಉಳಿದಿತ್ತು.

ದೋಷವನ್ನು ಹುಡುಕುವಾಗ ಹತ್ತಿರದಿಂದ ದೂರಕ್ಕೆ ಸಾಗಬೇಕು: ಕೇಬಲ್ಲು, ವಿಳಾಸ, ರೂಟರ್, ಹೊರಗಿನ ಸಂಖ್ಯೆ, ಕಡೆಗೆ ಹೆಸರು. ಎಲ್ಲಿ ಉತ್ತರ ನಿಲ್ಲುವುದೋ ಅಲ್ಲಿಯೇ ದೋಷವಿರುತ್ತದೆ. ಎಲ್ಲವನ್ನೂ ಅಳಿಸುವುದು ಮೊದಲ ಮದ್ದಲ್ಲ. ತಾತ ಹೊಸ ಸಂಖ್ಯೆಗಳ ಚೀಟಿಯನ್ನು ರೂಟರಿನ ಪಕ್ಕದ ಗೋಡೆಗೆ ಅಂಟಿಸಿದರು. ಹತ್ತು ವರುಷಗಳ ಲೆಕ್ಕವಿದ್ದ ಪೆನ್ ಡ್ರೈವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.