ಕಾಯಕಕ್ಕೂ ರಸೀದಿ ಇರಲಿ

ಸದ್ಭಕ್ತರೇ, ಮಾಡಿದ ಕೆಲಸಕ್ಕೆ ತಾನೇ ಹೊಣೆಯೆಂದು ನಿಲ್ಲುವವನ ದುಡಿಮೆಯೇ ಕಾಯಕ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ರೈತನಿಗೆ ಮೋಟಾರ್ ಸೈಕಲ್ ಶೋಕಿಯಲ್ಲ. ಬೆಳಗಿನ ಜಾವ ಡೇರಿಗೆ ಹಾಲಿನ ಕ್ಯಾನು ಹೊರುವ ಎತ್ತು. ಸರ್ವೀಸಿಗೆ ಬಿಟ್ಟ ಗಾಡಿಯ ಹಿಂಚಕ್ರದ ನಟ್ಟು ಬಿಗಿಯದೆ, ಬ್ರೇಕು ಹೊಂದಿಸದೆ ಹಣ ಎಣಿಸಿಕೊಂಡರೆ, ಕೋಲಾರದ ಹೆದ್ದಾರಿಯಲ್ಲಿ ಒಂದು ಸಂಸಾರವೇ ಬೀದಿಗೆ ಬಿದ್ದೀತು.

ಸ್ಪ್ಯಾನರ್ ಹಿಡಿದ ಹುಡುಗನನ್ನು ಬೈದು ಫಲವಿಲ್ಲ. ಅವನಿಗೆ ಸರಿಯಾಗಿ ಕಲಿಸದ ಯಜಮಾನನನ್ನು ಕೇಳಬೇಕು. "ಹೋಗಲಿ ಬಿಡಿ, ದೇವರು ನೋಡಿಕೊಳ್ಳುತ್ತಾನೆ" ಎಂಬುದನ್ನು ಕ್ಷಮೆಯೆಂದು ನಾವು ಒಪ್ಪುವುದಿಲ್ಲ. ನಾಳೆ ಅದೇ ಅಂಗಡಿಗೆ ಇನ್ನೊಬ್ಬ ಹೋಗುತ್ತಾನಲ್ಲ! ಗಾಡಿ ಬಿಡುವಾಗ ಜಾಬ್ ಕಾರ್ಡ್, ತರುವಾಗ ಬಿಲ್ಲು, ಬದಲಿಸಿದ ಹಳೆಯ ಸಾಮಾನು ಕೇಳಿ ಪಡೆಯಿರಿ. ನೂರಿನ್ನೂರು ಉಳಿಯಿತೆಂದು ಬಿಲ್ಲೇ ಬೇಡವೆನ್ನುವವರೂ ನಮ್ಮಲ್ಲುಂಟು. ಆಮೇಲೆ ಪುರಾವೆಗೆ ಪರದಾಡುವವರೂ ಅವರೇ.

ದೋಷ ಕಂಡರೆ ಬರೆದುಕೊಟ್ಟು, ಸರಿಪಡಿಸಲು ಮೊದಲು ಅವಕಾಶ ಕೊಡಿ. ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಕೋಲಾರದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಕಾಯ್ದೆಯಂತೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ.