ಮಲಪ್ರಭೆಯ ಮೀನುಗಳೂ ಅಹಿಂಸೆಯ ಅಭಿಮಾನಿಗಳೂ

ಪುಷ್ಯಮಾಸವು ಕಾಲಿಟ್ಟಿತೆಂದರೆ ಮಲಪ್ರಭೆಯ ಸೀಮೆಯಲ್ಲಿ ಎರಡು ಬಗೆಯ ನೀರು ಕಣ್ಣಿಗೆ ಬೀಳುವದು. ನವಿಲುತೀರ್ಥದ ಆಣೆಕಟ್ಟಿನಿಂದ ಹಿಂಗಾರಿ ಬೆಳೆಗೆಂದು ಬಿಟ್ಟ ಕಾಲುವೆಯ ನೀರು ಒಂದು; ಹರಿವು ಕುಂದಿ, ಅಲ್ಲಲ್ಲಿ ಮಡುಗಳಾಗಿ ನಿಂತ ಹೊಳೆಯ ನೀರು ಇನ್ನೊಂದು. ಎರಡರಲ್ಲಿಯೂ ಮೀನುಂಟು, ಎರಡರ ದಂಡೆಯಲ್ಲಿಯೂ ಅದನ್ನು ಹಿಡಿಯುವವರುಂಟು. ಕಿತ್ತೂರಿನಿಂದ ರಾಮದುರ್ಗದ ವರೆಗಿನ ಸುಶಿಕ್ಷಿತ ಮನೆತನಗಳು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, “ಮೀನು ಹಿಡಿಯುವದು ಹಿಂಸೆ, ಅದರ ಮಾತು ಸಲ್ಲದು” ಎಂದು ಮುಖ ತಿರುಗಿಸುವವು. ಈ ಮುಖ ತಿರುಗಿಸುವಿಕೆಯೇ ಇಂದು ಹೊಳೆಯ ಜೀವಕ್ಕೆ ಮುಳುವಾಗಿದೆ. ಕಾಲುವೆಯ ಮೀನನ್ನು ಹಿಡಿಯಲಿ, ಮಡುವಿನ ಮೀನನ್ನು ಉಳಿಸಲಿ. ಹೇಳತಕ್ಕ ಮಾತು ಇಷ್ಟೇ. ಆದರೆ ಇಷ್ಟನ್ನು ಹೇಳುವವರು ಯಾರೂ ಇಲ್ಲವಾದುದರಿಂದ ಸಾಂಪ್ರತ ನಡೆಯುತ್ತಿರುವದೆಲ್ಲ ಇದಕ್ಕೆ ವಿಪರೀತವಾಗಿದೆ.

ಮೊದಲು ಹೊಳೆಯ ಸ್ಥಿತಿಯನ್ನು ನೋಡತಕ್ಕದ್ದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ 1972ರಲ್ಲಿ ನವಿಲುತೀರ್ಥದ ಕಟ್ಟು ಬಿದ್ದಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯಬಲ್ಲ ಆ ರೇಣುಕಾಸಾಗರದಿಂದ ಎಡದಂಡೆ, ಬಲದಂಡೆಯ ಕಾಲುವೆಗಳು ಹೊರಟವು. ಬೆಳವಲದ ಹೊಲಗಳು ನೀರುಂಡವು. ಹುಬ್ಬಳ್ಳಿ-ಧಾರವಾಡದವರಿಗೆ ಕುಡಿಯುವ ನೀರು ದೊರೆಯಿತು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಟ್ಟಿನ ಕೆಳಗಣ ಮೀನು ಕಟ್ಟಿನ ಮೇಲಕ್ಕೆ ಹತ್ತಿ ಹೋಗುವ ದಾರಿ ಅಂದಿಗೆ ಮುಗಿಯಿತು. ಇಂದು ಎಂ. ಕೆ. ಹುಬ್ಬಳ್ಳಿ, ಸಂಗೊಳ್ಳಿಗಳ ಬದಿಯ ಮಡುಗಳು ತಮ್ಮ ಸಂತತಿಯನ್ನು ತಾವೇ ಕಾಯ್ದುಕೊಳ್ಳಬೇಕು. ಮುನವಳ್ಳಿ, ರಾಮದುರ್ಗಗಳ ಬದಿಯ ಮಡುಗಳೂ ಅಷ್ಟೇ. ಒಂದು ಕಡೆಗೆ ಕುಲ ಅಳಿದರೆ ಇನ್ನೊಂದು ಕಡೆಯಿಂದ ಬಂದು ತುಂಬುವದು ಇನ್ನು ಸುಲಭವಲ್ಲ.

ಕಾಲುವೆಯ ಮೀನಿನ ಕಥೆ ಬೇರೆ. ತೂಬು ತೆರೆದಾಗ ಸಾಗರದ ಮರಿಮೀನು ನೀರಿನ ಸೆಳೆತಕ್ಕೆ ಸಿಕ್ಕು ಕಾಲುವೆಗೆ ಇಳಿಯುವದು, ತಿರುಗಿ ಏರಲಾರದು. ಸರದಿ ಮುಗಿದು ತೂಬು ಮುಚ್ಚಿದಾಗ ಕಾಲುವೆಯ ತಳದಲ್ಲಿ ಕುಣಿಗಳಷ್ಟೇ ಉಳಿಯುವವು. ಆ ಕುಣಿಗಳಲ್ಲಿ ಮೀನು ಒತ್ತೊತ್ತಾಗಿ ಸೇರಿ, ನೀರು ಬಿಸಿಲಿಗೆ ಆರಿದಂತೆಲ್ಲ ಉಸಿರುಗಟ್ಟಿ ಸಾಯುವದು. ಉಳಿದುದು ಕೊಕ್ಕರೆಯ ಪಾಲು, ನಾಯಿಯ ಪಾಲು. ಅಪರೂಪಕ್ಕೆ ಕೆಲವು ಕಾಲುವೆಯ ಕೊನೆಯ ನೀರಿನೊಡನೆ ಹಳ್ಳವನ್ನು ಸೇರಿ ಬದುಕಿದರೆ ಅದು ಅವುಗಳ ಪುಣ್ಯ. ಅಂದಮೇಲೆ ತೂಬು ಮುಚ್ಚಿದ ಕಾಲುವೆಯಲ್ಲಿ ಒಬ್ಬನು ಗಾಳ ಹಾಕಿದರೆ, ಅಂಬಿಗರು ಬಲೆ ಬೀಸಿದರೆ, ಹೊಳೆಗೆ ಕೂದಲೆಳೆಯಷ್ಟೂ ನಷ್ಟವಿಲ್ಲ. ಸಾಯಲಿರುವ ಜೀವ ಒಂದು ಬಡ ಕುಟುಂಬದ ಅನ್ನವಾದೀತು, ಅಷ್ಟೇ.

ಮಡುವಿನ ಮೀನು ಹಾಗಲ್ಲ. ಮೀನಿನ ಮೈಗೆ ತನ್ನದೇ ಆದ ಬಿಸುಪಿಲ್ಲ. ನೀರಿನ ಶಾಖವೇ ಅದರ ಮೈಯ ಶಾಖ. ಚಳಿಗಾಲದ ರಾತ್ರಿಗಳಲ್ಲಿ ನೀರು ತಣ್ಣಗಾಗಲು ಗೆಂಡೆ, ಗಿರಲು, ಬಾಳೆಮೀನು, ಕೊರವ ಇವೆಲ್ಲ ತೆಳುನೀರನ್ನು ಬಿಟ್ಟು ಆಳದ ಮಡುಗಳನ್ನು ಸೇರುವವು. ತಿನ್ನುವದು ಕಡಿಮೆ, ಓಡುವದು ಕಡಿಮೆ. ಬಿಸಿಲೇರಿದ ಮೇಲೆ ಒಂದೆರಡು ತಾಸು ಮಾತ್ರ ಎರೆಹುಳಕ್ಕೋ ಜೋಳದ ಹಿಟ್ಟಿನ ಉಂಡೆಗೋ ಬಾಯಿ ಹಾಕುವವೆಂಬದನ್ನು ಗಾಳ ಹಿಡಿದ ಹುಡುಗನೂ ಬಲ್ಲನು. ಈ ಮಂದತೆಯೇ ಅವುಗಳಿಗೆ ರಕ್ಷೆ. ಈ ಮಂದತೆಯೇ ಅಪಾಯ. ಇಡೀ ಹರದಾರಿಯ ಹೊಳೆಯ ಮೀನೆಲ್ಲ ನಾಲ್ಕು ಮಡುಗಳಲ್ಲಿ ಸೇರಿರುವಾಗ ಒಂದು ಮಡುವನ್ನು ಬರಿದು ಮಾಡಿದರೆ ಹೊಳೆಯ ಕಾಲುಭಾಗವನ್ನೇ ಬರಿದು ಮಾಡಿದಂತೆ. ಮಿರಗದ ಮಳೆಗೆ ಹೊಸ ನೀರು ಬಂದಾಗ ತತ್ತಿಯಿಡಬೇಕಾದ ತಾಯಂದಿರು ಇವೇ. ಮಡುವಿನ ಮೀನೆಂದರೆ ಹೊಳೆಯ ಬೀಜದ ಕಾಳು. ಬೀಜದ ಜೋಳವನ್ನು ಬೀಸಿ ಉಂಡ ಒಕ್ಕಲಿಗನನ್ನು ಊರೆಲ್ಲ ಮರುಳನೆನ್ನುವದು. ಮಡುವನ್ನು ಬರಿದು ಮಾಡಿದವನನ್ನು ಮಾತ್ರ ಯಾರೂ ಏನೂ ಅನ್ನರು.

ಬರಿದು ಮಾಡುವ ಬಗೆಯಾದರೂ ಎಂಥದು! ಗಾಳವೂ ಅಲ್ಲ, ಅಂಬಿಗನ ಬೀಸುಬಲೆಯೂ ಅಲ್ಲ. ತಂತಿಯ ಕರೆಂಟನ್ನು ನೀರಿಗೆ ಬಿಡುವವರುಂಟು. ಕಲ್ಲುಗಣಿಯ ಮದ್ದನ್ನು ಸಿಡಿಸುವವರುಂಟು. ಬ್ಲೀಚಿಂಗ ಪುಡಿಯನ್ನು ಸುರಿಯುವವರುಂಟು. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯನ್ನು ಎಳೆದು ಬೆರಳುದ್ದದ ಮರಿಯನ್ನೂ ಬಿಡದವರುಂಟು. ಮದ್ದು ಸಿಡಿದರೆ ತೇಲಿ ಸಿಕ್ಕುವದು ಕೆಲವು. ಒಡೆದು ತಳಕ್ಕೆ ಇಳಿದು ಕೊಳೆಯುವವು ಹಲವು. ಕರೆಂಟಿಗೆ ಮೀನು, ಮರಿ, ಕಪ್ಪೆ ಎಂಬ ಭೇದವಿಲ್ಲ. ಕೆಲವು ಸಲ ಹಿಡಿಯಲು ಇಳಿದ ಮನುಷ್ಯನೆಂಬ ಭೇದವೂ ಇಲ್ಲ. ಬ್ಲೀಚಿಂಗ ಪುಡಿ ಬಿದ್ದ ನೀರನ್ನು ಮರುದಿನ ದನ ಕುಡಿಯುವದು. ಇದನ್ನು ಮೀನುಗಾರಿಕೆಯೆಂದು ಕರೆಯುವದು ಕೊಳ್ಳೆಯನ್ನು ವ್ಯಾಪಾರವೆಂದು ಕರೆದಂತೆ.

ಇಲ್ಲಿ ಪೂರ್ವಪಕ್ಷದವರ ಮಾತು ಕೇಳಬರುವದು: “ಗಾಳವಾಗಲಿ ಕರೆಂಟಾಗಲಿ, ಎಲ್ಲವೂ ಹಿಂಸೆಯೇ. ಹಿಂಸೆಯಲ್ಲಿ ಹೆಚ್ಚು-ಕಡಿಮೆಯನ್ನು ಎಣಿಸುವದು ಶಿಷ್ಟರ ಕೆಲಸವಲ್ಲ.” ಈ ವಾದಕ್ಕೆ ಶಾಸ್ತ್ರದ ಬಲವೂ ಇಲ್ಲ, ಇತಿಹಾಸದ ಬಲವೂ ಇಲ್ಲ. ಅಹಿಂಸೆಯನ್ನು ಕಲ್ಲಿನಲ್ಲಿ ಕೊರೆಯಿಸಿದ ಅಶೋಕನೇ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಜಾತಿಯ ಮೀನುಗಳಿಗೆ ಅಭಯವನ್ನು ಕೊಟ್ಟು, ವರ್ಷದ ಗೊತ್ತಾದ ದಿನಗಳಲ್ಲಿ ಮೀನು ಕೊಲ್ಲಕೂಡದು, ಮಾರಕೂಡದು ಎಂದು ವಿಧಿಸಿದನು. ಎಲ್ಲವನ್ನೂ ನಿಲ್ಲಿಸಲಾಗದಲ್ಲಿ ಕೆಲವನ್ನು ಕಾಯಬೇಕೆಂಬ ವಿವೇಕ ಅವನಿಗಿತ್ತು. ಕೌಟಿಲ್ಯನಂತೂ ಒಂದು ಕಡೆಗೆ ಮೀನುಗಾರರಿಂದ ಆರನೆಯ ಪಾಲು ತೆರಿಗೆಯನ್ನು ಎತ್ತುವನು. ಇನ್ನೊಂದು ಕಡೆಗೆ ಅಭಯ ಕೊಟ್ಟ ಮೃಗ, ಪಕ್ಷಿ, ಮತ್ಸ್ಯಗಳನ್ನು ಕೊಂದವನಿಗೆ ಉತ್ತಮದಂಡವನ್ನೇ ವಿಧಿಸುವನು. ಹೆಚ್ಚು-ಕಡಿಮೆಯನ್ನು ಎಣಿಸುವದೇ ಧರ್ಮವಿಚಾರ. ಎಣಿಸದೆ ಕೈತೊಳೆದುಕೊಳ್ಳುವದು ಅಹಿಂಸೆಯಲ್ಲ, ಅಲಕ್ಷ್ಯ.

ಅಷ್ಟೇ ಅಲ್ಲ. ಕೈ ತೊಳೆದುಕೊಂಡವರ ಕೈ ನಿಜವಾಗಿಯೂ ಶುಭ್ರವಾಗಿದೆಯೋ? ಹೊಳೆಯ ದಂಡೆಗುಂಟ ಕಬ್ಬಿನ ಹೊಲಗಳುಂಟು. ಅವುಗಳ ಒಡೆಯರಲ್ಲಿ ಮೀನನ್ನು ಕಣ್ಣಿನಿಂದಲೂ ಮುಟ್ಟದವರು ಎಷ್ಟೋ ಮಂದಿ. ಮಾಘ-ಫಾಲ್ಗುಣಗಳಲ್ಲಿ ಹೊಳೆಯ ಹರಿವು ನಿಂತ ಮೇಲೆ ಅವರ ಪಂಪುಗಳು ಮಡುವಿಗೇ ಬಾಯಿ ಹಚ್ಚುವವು. ಮಡುವಿನ ತಳ ಕಂಡ ದಿನ ಅಲ್ಲಿದ್ದ ಮೀನಿನಲ್ಲಿ ಒಂದೂ ಉಳಿಯದು. ಗಾಳದವನು ಇಡೀ ಹಗಲು ಕುಳಿತು ಹತ್ತು ಮೀನು ಹಿಡಿದಾನು. ಪಂಪು ಒಂದು ವಾರದಲ್ಲಿ ಮಡುವನ್ನೇ ಕೊಲ್ಲುವದು. ಆದರೆ ಗಾಳದವನು ಹಿಂಸಕನು, ಪಂಪಿನವನು ಸಾತ್ವಿಕನು! ತಟ್ಟೆಯಲ್ಲಿ ಮೀನಿಲ್ಲವೆಂಬ ಮಾತ್ರಕ್ಕೆ ಮೀನಿನ ಸಾವಿಗೆ ತಾನು ಹೊಣೆಯಲ್ಲವೆಂದು ತಿಳಿಯುವದು ಮಕ್ಕಳ ತರ್ಕ. ಊಟದ ಅಹಿಂಸೆಯು ಹೊಲದ ತನಕ ಹೋಗದಿದ್ದರೆ ಅದು ಅಡಿಗೆಯ ಮನೆಯ ಆಚಾರವಾಗಿ ಉಳಿಯುವದೇ ಹೊರತು ವ್ರತವೆನ್ನಿಸದು.

ಎರಡನೆಯ ಪೂರ್ವಪಕ್ಷ: “ಗಾಳ ಹಾಕಿ ಕೂಡ್ರುವದು ಸೋಮಾರಿಗಳ ಚಾಳಿ, ಬಿಳಿಯ ಸಾಹೇಬರಿಂದ ಬಂದ ಹವ್ಯಾಸ.” ಈ ಮಾತನ್ನಾಡುವವರು ತಮ್ಮ ಸೀಮೆಯ ಚರಿತ್ರೆಯನ್ನೇ ಓದಿಲ್ಲ. ಸವದತ್ತಿಯ ರಟ್ಟರು ಯಾರ ಮಾಂಡಲಿಕರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂದೇ ಒಂದು ಪ್ರಕರಣವುಂಟು. ಕಡಲಿನ ಮೀನು ಯಾವವು, ಹೊಳೆಯವು ಯಾವವು, ಯಾವುದಕ್ಕೆ ಯಾವ ಆಹಾರ ಸೇರುವದು, ಗಾಳದ ಕೋಲು ಹುರಿಗಳು ಹೇಗಿರತಕ್ಕವು ಎಂದು ಅರಸನು ವಿವರಿಸಿದನು. ಆಂಗ್ಲರ ಗಾಳದ ಮೊದಲ ಪುಸ್ತಕವು ಅಚ್ಚಾದುದು 1496ರಲ್ಲಿ. ಸೋಮೇಶ್ವರನ ಗ್ರಂಥವು ಅದಕ್ಕೆ ಮೂರೂವರೆ ಶತಮಾನಗಳಷ್ಟು ಹಿರಿದು. ಬೇಟೆಯನ್ನು ಬಣ್ಣಿಸಿದನೆಂದು ಅರಸನನ್ನು ಇಲ್ಲಿ ಹೊಗಳಬೇಕಾಗಿಲ್ಲ. ಗಮನಿಸತಕ್ಕದ್ದು ಇಷ್ಟೇ: ಗಾಳ ಹಾಕುವವನು ಮೀನಿನ ಕುಲ, ಗುಣ, ಕಾಲ, ನೆಲೆಗಳನ್ನು ಅರಿಯಲೇಬೇಕು. ಅರಿತವನು ಹೊಳೆಯಲ್ಲಿ ಏನು ಕಡಿಮೆಯಾಯಿತೆಂಬದನ್ನು ಎಲ್ಲರಿಗಿಂತ ಮೊದಲು ಕಾಣುವನು. ಕರೆಂಟಿನವನಿಗೆ ಈ ಅರಿವು ಬೇಕಿಲ್ಲ, ತಂತಿಯೊಂದಿದ್ದರೆ ಸಾಕು.

ಮೂರನೆಯ ಮಾತು ಕರುಣೆಯ ವೇಷದಲ್ಲಿ ಬರುವದು: “ಬಡವರು ಹೊಟ್ಟೆಗಾಗಿ ಮಾಡುವರು, ಅಡ್ಡಬರಬಾರದು.” ಹೊಟ್ಟೆಗಾಗಿ ಮಾಡುವ ಅಂಬಿಗನಿಗೆ ನಾಳೆಯೂ ಹೊಟ್ಟೆಯುಂಟು, ಆದಕಾರಣ ಅವನ ಬಲೆಯ ಕಣ್ಣು ದೊಡ್ಡದು. ಮರಿ ಜಾರಿ ಹೋಗಲೆಂದೇ ಅವನ ಹಿರಿಯರು ಹಾಗೆ ಹೆಣೆದರು. ಒಂದು ರಾತ್ರಿಯಲ್ಲಿ ಮಡುವನ್ನು ಕರೆಂಟಿನಿಂದ ಕೊಂದು ಮುಂಜಾವಿನಲ್ಲಿ ಮೋಟಾರಿನ ಮೇಲೆ ಪೇಟೆಗೆ ಸಾಗಿಸುವವನಿಂದ ಮೊದಲು ಹಾಳಾಗುವವನು ಈ ಅಂಬಿಗನೇ. ಬಡವನ ಹೆಸರು ಹೇಳಿ ಬಡವನ ಬುತ್ತಿಯನ್ನು ಕಸಿಯುವದಕ್ಕೆ ಸುಶಿಕ್ಷಿತರ ಮೌನ ನೆರವಾಗಬಾರದು.

ನಾಲ್ಕನೆಯವರು ಸರಕಾರದ ಮೇಲೆ ಭಾರ ಹಾಕುವರು: “ಸರಕಾರವು ಮರಿ ಬಿಡುತ್ತಿದೆಯಲ್ಲ, ಮೀನಿಗೇನು ಬರ?” 1957ರಲ್ಲಿ ಹೀರಾಲಾಲ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳನ್ನು ತತ್ತಿಯಿಡಿಸಿದಂದಿನಿಂದ ಕಾಟ್ಲಾ, ರೋಹು, ಮೃಗಾಲಗಳ ಮರಿಗಳು ದೇಶದ ತುಂಬ ಹರಡಿದವು. ಅದು ದೊಡ್ಡ ಉಪಕಾರವೇ ಸರಿ. ಸಾಗರಗಳಲ್ಲಿ, ಕೆರೆಗಳಲ್ಲಿ ಅದರಿಂದ ಬೆಳೆ ಬಂದಿದೆ. ಆದರೆ ಅವು ಗಂಗೆಯ ಬಯಲಿನಲ್ಲಿ ಹೆಸರಾದ ಮೀನುಗಳು. ಕೃಷ್ಣೆ-ಭೀಮೆಗಳ ಸೀಮೆಗೆ ತನ್ನದೇ ಆದ ಮೀನಿನ ಸಂಸಾರವುಂಟೆಂಬದನ್ನು ಕರ್ನಲ್ ಸೈಕ್ಸನು 1841ರಲ್ಲಿ ಅಚ್ಚಾದ ತನ್ನ ‘ದಖ್ಖನದ ಮೀನುಗಳು’ ಎಂಬ ಲೇಖನದಲ್ಲಿಯೇ ತೋರಿಸಿದ್ದನು. ಆ ಸಣ್ಣ ಗೆಂಡೆಗಳ ಮರಿಯನ್ನು ಯಾವ ಗಾಡಿಯೂ ತಂದು ಸುರಿಯದು. ಅದರ ಮೇಲೆ 1952ರಲ್ಲಿ ಈ ದೇಶಕ್ಕೆ ತಂದ ತಿಲಾಪಿಯಾದಂಥ ಹೊರಗಿನ ಮೀನು, ತೆರವಾದ ನೀರನ್ನು ಕಂಡಲ್ಲಿ ಬೇಗನೆ ತುಂಬಿಕೊಳ್ಳುವದು. ಮನೆಯ ಮಕ್ಕಳನ್ನು ಹೊರಗೆ ಹಾಕಿ, ಛತ್ರ ತುಂಬಿದೆಯೆಂದು ಹಿಗ್ಗುವದು ಜಾಣತನವಲ್ಲ.

ಕಾಯಿದೆಯಿಲ್ಲವೋ ಎಂದರೆ, ಉಂಟು. ಮದ್ದು ಸಿಡಿಸುವದನ್ನೂ ನೀರಿಗೆ ವಿಷ ಹಾಕುವದನ್ನೂ 1897ರ ಮೀನುಗಾರಿಕೆಯ ಕಾಯಿದೆಯು ಅಪರಾಧವೆಂದು ಸಾರಿತು. ಎರಡು ತಿಂಗಳ ಸೆರೆ ಇಲ್ಲವೆ 200 ರೂಪಾಯಿಯ ದಂಡವನ್ನು ಗೊತ್ತುಮಾಡಿತು. ಅಂದು 200 ರೂಪಾಯಿ ಒಂದು ಸಂಸಾರದ ಆಸ್ತಿ. ಇಂದು ಒಂದು ರಾತ್ರಿಯ ಮೀನಿಗೆ ಅದು ಬೆಲೆಯೇ ಅಲ್ಲ. ಕಾಯಿದೆಗೆ ಕಣ್ಣು ಬೇಕು; ಆ ಕಣ್ಣು ಊರಿನದಾಗಿರಬೇಕು. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನೂ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನೂ ಕಾಯುತ್ತ ಬಂದುದು ಪೋಲೀಸರಿಗಿಂತ ಹೆಚ್ಚಾಗಿ ಊರವರ ನಡೆವಳಿಕೆ. ಆದರೆ ಭಕ್ತಿಯೊಂದೇ ಸಾಲದು, ಎಚ್ಚರವೂ ಬೇಕು. ಶಿಶಿಲದ ಕಪಿಲಾ ನದಿಯಲ್ಲಿ ದೇವರ ಮೀನುಗಳೆಂದು ಪೂಜೆಗೊಳ್ಳುತ್ತಿದ್ದವುಗಳಿಗೆ 1996ರಲ್ಲಿ ದುರುಳರು ವಿಷವಿಕ್ಕಿದರು. ಸಾವಿರಾರು ಮೀನುಗಳು ಸತ್ತವು. ಅವುಗಳ ಹೆಸರಿನಲ್ಲಿ ಅಲ್ಲಿ ಸ್ಮಾರಕವೊಂದು ನಿಂತಿದೆ.

ಮಲಪ್ರಭೆಗೆ ಸ್ಮಾರಕ ಬೇಡ, ಮಡುಗಳು ಸಾಕು. ಎಂ. ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಮಂಟಪವು ಹೊಳೆಯ ನಡುವೆ ನಿಂತಿದೆ. ಅದರ ಸುತ್ತಣ ನೀರು ಅಭಯದ ನೀರಾಗಬಾರದೇಕೆ? ಸಂಗೊಳ್ಳಿಗೆ ಒಂದು, ಮುನವಳ್ಳಿಗೆ ಒಂದು, ರಾಮದುರ್ಗಕ್ಕೆ ಒಂದು ಮಡುವನ್ನು ಊರ ಪಂಚರೇ ಕೂಡಿ ಗೊತ್ತುಮಾಡಿದರೆ ಯಾರ ಹೊಲವೂ ಒಣಗದು, ಯಾರ ಒಲೆಯೂ ಆರದು. ಬನದ ಹುಣ್ಣಿವೆಗೂ ಭಾರತ ಹುಣ್ಣಿವೆಗೂ ಎಲ್ಲಮ್ಮನ ಗುಡ್ಡಕ್ಕೆ ಲಕ್ಷೋಪಲಕ್ಷ ಜನರು ಬರುವರು. ಆ ಜನಸಮುದಾಯದ ಮುಂದೆ ಹೊಳೆಯ ಮಾತನ್ನೆತ್ತಿದರೆ ಬೇರೆ ಪ್ರಚಾರವೇ ಬೇಕಾಗದು. ಇತ್ತ ಕಾಲುವೆಯ ತೂಬು ಮುಚ್ಚುವ ದಿನವನ್ನು ಅಧಿಕಾರಿಗಳು ಮೊದಲೇ ಡಂಗುರ ಸಾರಿಸಲಿ; ಅಂದು ಅಂಬಿಗರ ಬಲೆಗೂ ಹುಡುಗರ ಗಾಳಕ್ಕೂ ಕಾಲುವೆಯ ಕುಣಿಗಳು ಮುಕ್ತವಾಗಲಿ. ತುಂಬಿ ಹರಿಯುವ ಕಾಲುವೆಯ ಜಾರುದಂಡೆಗೆ ಮಾತ್ರ ಯಾರೂ ಮಕ್ಕಳನ್ನು ಕಳಿಸತಕ್ಕದ್ದಲ್ಲ.

ಉಳಿದುದು ಪಂಪಿನ ಮಾತು. ಅದು ಬೇರೆಯವರ ಮಾತಲ್ಲ, ಸುಶಿಕ್ಷಿತ ಮನೆಗಳದೇ. ಮಡುವಿನಲ್ಲಿ ಎದೆಮಟ್ಟದ ನೀರು ಉಳಿದಾಗ ಪಂಪಿನ ಕೊಳವೆಯನ್ನು ಮೇಲಕ್ಕೆತ್ತುವದಕ್ಕೆ ಸರಕಾರದ ಅಪ್ಪಣೆ ಬೇಡ, ಶಾಸ್ತ್ರಾರ್ಥ ಬೇಡ, ಮನಸ್ಸು ಬೇಕು. ಕಬ್ಬಿಗೆ ಒಂದು ನೀರು ಕಡಿಮೆಯಾದೀತು. ಮಿರಗದಲ್ಲಿ ಹೊಳೆ ಬಂದಾಗ ತತ್ತಿಯಿಡಲು ತಾಯಿಮೀನು ಉಳಿದೀತು. ಅಷ್ಟನ್ನೂ ಬಿಟ್ಟುಕೊಡಲಾರದವರು ಗಾಳ ಹಿಡಿದ ಹುಡುಗನಿಗೆ ಅಹಿಂಸೆಯ ಪಾಠ ಹೇಳದಿರುವದೇ ಲೇಸು.