ಮೊದಲ ‘ರ’ ಕಲಿತ್ರ ತಪ್ಪೇನ್ರಿ?

ನಮ್ಮ ಓಣಿಯೊಳಗ ಕನ್ನಡ ಸಾಲಿಗೆ ಹೋಗೋ ಸಣ್ಣ ಹುಡುಗರಿಗೆ ಒಂದು ಪರೀಕ್ಷೆ ಇರತೈತಿ. ಅದನ್ನ ಸಾಲಿಯವರು ಇಡೂದಿಲ್ಲ, ನಾವ ಇಡತೀವಿ. ಮನಿಗೆ ಯಾರರ ಬಂದ್ರ ಸಾಕು, “ಏ ಪುಟ್ಟಿ, ಬಾ ಇಲ್ಲೆ, ಕಾಕೂಗ ಅ ಆ ಇ ಈ ಹೇಳಿ ತೋರಸು.” ಒಂದನೇತ್ತೆ ಕೂಸು ಬಾಯಿ ಮುಚಗೊಂಡು ನಿಂದರತೈತಿ. ಕಾಕೂ ಚಾ ಕುಡದು ಏಳೂದರಾಗ “ಈ ಸಾಲ್ಯಾಗ ಏನೂ ಕಲಸಂಗಿಲ್ಲ” ಅಂತ ತೀರ್ಪು ಆಗಿರತೈತಿ. ಬರೋ ಜೂನಿನಾಗ ಇಂಗ್ಲಿಷ್ ಮೀಡಿಯಮ್ಮಿಗೆ ಹಚ್ಚೂದು, ಫೀಗೆ ಸಂಘದಾಗ ಸಾಲಾ ಎತ್ತೂದು, ಎಲ್ಲಾ ಅಲ್ಲೇ ಗಟ್ಟಿ.

ಆ ಕೂಸಿಗೆ ಬರಂಗಿಲ್ಲ ಅಂತಲ್ರಿ. ಅದಕ್ಕ ಕಲಿಸಿದ ಸಾಲು ಬ್ಯಾರೆ. ನಲಿ-ಕಲಿ ಒಳಗ ಮೊದಲ ಬರೂದು ರ, ಗ, ಸ, ದ, ಅ. ಆಮ್ಯಾಲೆ ಜ, ವ, ಮ, ಬ, ನ. ‘ರ’ ಬರದು ಪಳಗಿದ ಕೈಗೆ ಅದರ ಸುತ್ತಮುತ್ತಲಿನ ಅಕ್ಷರ ಸರಳ ತಿರಗತಾವ. ಮತ್ತ ಐದ ಅಕ್ಷರ ಬಂದ್ರ ಕೂಸು ‘ಸರ’ ಓದತೈತಿ, ‘ಅರಸ’ ಓದತೈತಿ, ‘ಅಗಸ’, ‘ಗರಗಸ’ ಓದತೈತಿ. ನಾವು ಪಾಟಿ ಮ್ಯಾಲೆ ಅ ದಿಂದ ಅಃ ತನಕಾ ತಿದ್ದಿದ್ವಲ್ಲ, ಅಷ್ಟೂ ಕೂಡಿಸಿದ್ರೂ ಅಡಗಿಮನಿಯೊಳಗಿನ ಒಂದು ಡಬ್ಬಿ ಹೆಸರು ಆಗೂದಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 1995ರಾಗ ಮೈಸೂರು ಜಿಲ್ಲಾದ ಹೆಗ್ಗಡದೇವನಕೋಟೆ ಕಡೆ ಸಾಲಿ ಮಾಸ್ತರರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಸಾಲಿ ನೋಡಿ ಬಂದು ಶುರು ಮಾಡಿದ್ದು. 2009-10ಕ್ಕ ರಾಜ್ಯದ ಸರಕಾರಿ ಕನ್ನಡ ಸಾಲಿಗೆಲ್ಲ ಬಂತು. ಒಂದು, ಎರಡು, ಮೂರನೇತ್ತೆ ಹುಡುಗರು ಒಂದ ಖೋಲ್ಯಾಗ ಗುಂಪಾಗಿ ಕೂಡತಾರ. ಒಂದು ಗುಂಪಿಗೆ ಅಕ್ಕೋರು ಕುಂತು ಕಲಸತಾರ, ಇನ್ನೊಂದರಾಗ ಬಲ್ಲ ಹುಡುಗಿ ಬರದವನಿಗೆ ತೋರಸತಾಳ, ಮತ್ತೊಂದು ತಾನ ಕಲೀತೈತಿ. ಗ್ವಾಡಿ ಮ್ಯಾಲೆ ಕಲಿಕಾ ಏಣಿ. ಒಂದೊಂದು ಮೆಟ್ಟಲಕ್ಕ ಒಂದೊಂದು ಕಾರ್ಡು.

ನನಗ ಭಾಳ ಸೇರಿದ್ದು ಆ ಏಣಿ. ಹತ್ತಿ ಬಿಡಸೋ ದಿನ ಬಂದ್ರ ತಮ್ಮನ್ನ ಹಿಡಕೊಂಡು ಕೂಡಲಿ ಅಂತ ಹುಡುಗಿನ್ನ ಎಂಟೆಂಟ ದಿನ ಮನ್ಯಾಗ ಇಟಗೋತೀವಿ. ಗಂಡ ಹುಡುಗನ್ನ ಇಟಗೊಳ್ಳೂದಿಲ್ಲ ನೋಡ್ರಿ. ಎಲ್ಲಾರಿಗೂ ಒಂದ ಪಾಠ ಅನ್ನೋ ವರ್ಗದಾಗ ಆಕಿ ತಿರುಗಿ ಹೋಗೂದರಾಗ ಪಾಠ ಎಲ್ಲೋ ದಾಟಿರತೈತಿ, ಆಕಿ ಹಿಂದಿನ ಸಾಲಿನಾಗ ಸುಮ್ಮನ ಕೂಡತಾಳ. ಏಣಿಯಾಗಾದ್ರ ಬಿಟ್ಟ ಮೆಟ್ಟಲದಿಂದನ ಹತ್ತತಾಳ. ಹೆಣ್ಣ ಹುಡುಗೂರಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವದೈತಿ?

ಹಂಗಂತ ಎಲ್ಲಾ ಛಲೋ ಐತಿ ಅನ್ನೂದಿಲ್ಲ. ಮೂರೂ ವರ್ಗ ನೋಡೋ ಅಕ್ಕೋರ ಬಿಸಿಯೂಟದ ಲೆಕ್ಕಾನೂ ಬರೀಬೇಕು, ಸರ್ವೇಕ್ಕೂ ಹೋಗಬೇಕು ಅಂದ್ರ ಕಾರ್ಡು ಟ್ರೇದಾಗ ಧೂಳ ತಿಂತಾವ. ಆದ್ರ ಅದು ಕೂಸಿನ ತಪ್ಪಲ್ಲ, ‘ರ’ ಮೊದಲ ಕಲಿಸಿದ್ದರ ತಪ್ಪೂ ಅಲ್ಲ. ಅದನ್ನ ಕೇಳಾಕ ಎಸ್‌ಡಿಎಂಸಿ ಐತಿ. ಸಭಾ ಕರದಾಗ ಗಂಡಸರನ್ನಷ್ಟ ಕಳಸಬ್ಯಾಡ್ರಿ, ನಾವೂ ಹೋಗಿ ಕೂಡೂಣು. ಇನ್ನೊಬ್ಬ ಶಿಕ್ಷಕರನ್ನ ಕೊಡ್ರಿ, ಕಾರ್ಡು ಹರದಾವ, ಹೊಸಾವು ತರಸ್ರಿ ಅಂತ ಬಾಯಿ ಬಿಟ್ಟು ಕೇಳೂಣು.

ಮನ್ಯಾಗ ಮಾಡೂದು ಇಷ್ಟ ರೀ. ಬಂದವರ ಮುಂದ ಕೂಸಿನ್ನ ನಿಂದರಿಸಿ ವರ್ಣಮಾಲೆ ಒದರಸಬ್ಯಾಡ್ರಿ. ಆ ಸಾಲು ಮುಂದ ತಾನ ಬರತೈತಿ. ಜಾತ್ರಿ ಹ್ಯಾಂಡಬಿಲ್, ಮದವಿ ಕಾರ್ಡು, ಸೀರಿ ಅಂಗಡಿ ಚೀಲ ಏನರ ಕೈಯಾಗ ಕೊಟ್ಟು, “ನಿನಗ ಬರೋ ಅಕ್ಷರ ಇದರಾಗ ಎಲ್ಲೆಲ್ಲಿ ಅದಾವ, ಹುಡುಕು” ಅನ್ರಿ. ಬಾಯಿ ಮುಚಗೊಂಡು ನಿಂತಿದ್ದ ಕೂಸು ಆಗ ಬಟ್ಟ ಇಟಗೋತ ಓದತೈತಿ. ಸಂಘದ ಸಾಲಾ ಅದನ್ನ ಕೇಳಿದ ಮ್ಯಾಲೆ ಬೇಕಾದ್ರ ಎತ್ತರಿ.